ಅರ್ಧ ತಲೆ, ಅರ್ಧ ಬಚ್ಚಲು

ಹ್ರಾಂಟ್‌ನ ಮನೆಯ ಒಂದೇ ಒಂದು ಕಮೋಡು ಅಂಗಳದ ದಾಳಿಂಬೆ ಗಿಡದ ಬುಡದಲ್ಲಿ ಕೂತು ಅಂದಿಗೆ ಒಂಬತ್ತು ದಿನ. ಬಚ್ಚಲು ರಿಪೇರಿಗೆ ಹಿಡಿದ ಕಂಟ್ರಾಕ್ಟರ್ ನಜರ್ ದಿನವೂ "ನಾಳೆ ಕೂರಿಸ್ತೀನಿ" ಅನ್ನುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಪಕ್ಕದ ಮನೆಯ ಜಬೆಲ್ ಆಂಟಿಯ ಬಚ್ಚಲಿಗೆ ಎಡತಾಕಿ ಎಡತಾಕಿ, ಆ ಮನೆಯ ನಾಯಿ ಬೊಗಳುವುದನ್ನೇ ಬಿಟ್ಟಿತ್ತು.

"ಸಂಜೆ ಆರಕ್ಕೆ ಅಮ್ಮ ಗ್ಲೆಂಡೇಲ್‌ನಿಂದ ಬರ್ತಾಳೆ," ಎಂದಳು ಹೆಂಡತಿ ಅರಾಕ್ಸಿ. "ಅಷ್ಟರಲ್ಲಿ ಕಮೋಡು ಒಳಗಿರ್ಬೇಕು. ಇಲ್ದಿದ್ರೆ ನೀನೂ ಅದ್ರ ಪಕ್ಕದಲ್ಲೇ ಹಾಸಿಕೊಂಡು ಮಲ್ಕೋ."

ಹ್ರಾಂಟ್‌ನದು ಅದೇ ಫ್ರೆಸ್ನೊ ಊರಿನಲ್ಲಿ ಇಪ್ಪತ್ತು ವರ್ಷದ ಕ್ಷೌರದಂಗಡಿ. ಕನ್ನಡಿಯ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದ ಕ್ಷೌರದ ಲೈಸೆನ್ಸನ್ನು ದಿನವೂ ಭಕ್ತಿಯಿಂದ ಒರೆಸಿಯೇ ಅವನು ಕತ್ತರಿ ಮುಟ್ಟುತ್ತಿದ್ದುದು. ಅಂದು ಒರೆಸಿ ಮುಗಿಸುವಷ್ಟರಲ್ಲಿ ನಜರನೇ ಬಂದು ಕುರ್ಚಿಯಲ್ಲಿ ಕೂತ.

"ಬೇಗ ಕಟಿಂಗ್ ಮಾಡಣ್ಣ. ಮೂರು ಗಂಟೆಗೆ ನಿನ್ನ ಕಮೋಡು ಕೂರಿಸ್ಬೇಕು."

ಹ್ರಾಂಟ್‌ನ ಎದೆ ಹಗುರಾಯಿತು. ಎಡಗಡೆ ಕತ್ತರಿಸಿ ಬಲಗಡೆಗೆ ಬಂದ. ಆಗಲೇ ಜಬೆಲ್ ಆಂಟಿ ಫೋನು ಎತ್ತಿ ಹಿಡಿದು ಬಾಗಿಲು ತಳ್ಳಿಕೊಂಡು ಬಂದಳು. ಕೋರ್ಟಿನಲ್ಲಿ ಗುಮಾಸ್ತೆಯಾಗಿ ರಿಟೈರ್ ಆದವಳು; ಕಾನೂನು ಹೇಳದಿದ್ದರೆ ಉಂಡದ್ದು ಕರಗದು.

"ನಿಲ್ಸೋ ಕತ್ತರಿ! ಇಲ್ನೋಡು, ಈ ನಜರನ ಕಂಟ್ರಾಕ್ಟರ್ ಲೈಸೆನ್ಸು ಮೇ ತಿಂಗಳಲ್ಲೇ ಮುಗಿದಿದೆ! ಲೈಸೆನ್ಸ್ ಇಲ್ದೋನಿಗೆ ನೀನು ಬಿಡಿಗಾಸು ಕೊಡ್ಬೇಕಾಗಿಲ್ಲ. ಕೊಟ್ಟಿದ್ದನ್ನೂ ವಾಪಸ್ ಕೇಳ್ಬಹುದು. ಅದು ಮನೆಯೋನ ಹಕ್ಕು!"

ಹಕ್ಕು ಎಂದ ಕೂಡಲೇ ಹ್ರಾಂಟ್‌ಗೆ ಮೈಮೇಲೆ ಬಂದಂತಾಯಿತು. ಇಂಥ ಮಾತು ಅವನಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಒಂಬತ್ತು ದಿನದ ಸಿಟ್ಟೆಲ್ಲ ನೆತ್ತಿಗೇರಿತು.

"ಲೈಸೆನ್ಸ್ ಇಲ್ದೆ ಜನರ ಮನೆಗೆ ಕೈ ಹಾಕ್ತೀಯಾ? ನಾಚಿಕೆ ಆಗಲ್ವೇನೋ? ಕೊಟ್ಟಿದ್ದೆಲ್ಲ ವಾಪಸ್ ಇಡು!"

"ಅರ್ಜಿ ಹಾಕೋದು ಮರ್ತೇಹೋಯ್ತಣ್ಣ," ಎಂದು ನಜರ್ ಅಂಗಲಾಚಿದ. "ಕೂರಿಸಿಬಿಡ್ತೀನಿ, ಆಮೇಲೆ ಮಾತಾಡೋಣ."

"ಮುಟ್ಟಿದ್ರೆ ನೋಡು! ಕಾನೂನು ಅಂದ್ರೆ ಕಾನೂನು!"

ನಜರ್ ಪೆಚ್ಚಾಗಿ ತಲೆಯೆತ್ತಿದ. ಕಣ್ಣು ಕನ್ನಡಿಯ ಪಕ್ಕದ ಕಟ್ಟಿನ ಮೇಲೆ ಬಿತ್ತು. ಫಳಫಳ ಹೊಳೆಯುತ್ತಿದ್ದ ಗಾಜಿನೊಳಗಿನ ಅಕ್ಷರಗಳನ್ನು ನಿಧಾನವಾಗಿ ಓದಿದ.

"ಹ್ರಾಂಟಣ್ಣ... ನಿಂದು ಫೆಬ್ರವರಿಗೇ ಮುಗಿದಿದೆಯಲ್ಲಪ್ಪ."

ಜಬೆಲ್ ಆಂಟಿ ಕನ್ನಡಕ ಏರಿಸಿ ನೋಡಿದಳು. ಅವಳ ಮುಖ ಹಬ್ಬದಂತೆ ಅರಳಿತು. "ಹೌದಲ್ವೋ! ದಿನಾ ಒರೆಸ್ತೀಯ, ಒಂದಿನಾನಾದ್ರೂ ಓದ್ಬಾರ್ದೇನೋ? ಕತ್ತರಿ ಕೆಳಗಿಡು. ಇನ್ನೊಂದು ಕೂದಲು ಕತ್ತರಿಸಿದ್ರೂ ತಪ್ಪೇ!"

"ಬಲಗಡೆ?" ಎಂದ ನಜರ್.

"ಕಾನೂನು ಅಂದ್ರೆ ಕಾನೂನು," ಎಂದಳು ಆಂಟಿ.

ಹ್ರಾಂಟ್ ಅಂಗಡಿಗೆ ಬೀಗ ಜಡಿದ. ಸಂಜೆಯವರೆಗೂ ಊರೆಲ್ಲ ಅಲೆದರೂ ಆರರೊಳಗೆ ಬಂದು ಕಮೋಡು ಕೂರಿಸುವ ಲೈಸೆನ್ಸುದಾರ ಒಬ್ಬನೂ ಸಿಗಲಿಲ್ಲ. ದಾರಿಯುದ್ದಕ್ಕೂ ಕಳವಳಕ್ಕೆ ಕುಡಿದ ನಾಲ್ಕು ಕಾಫಿ ಬೇರೆ. ಮನೆ ಮುಟ್ಟಿದವನು ನೇರ ಆಂಟಿಯ ಬಾಗಿಲಿಗೆ ಓಡಿದ. ಬಚ್ಚಲಿಗೆ ಒಳಗಿನಿಂದ ಚಿಲಕ!

"ಒಳಗೆ ನಜರ್ ಇದಾನೆ ಕಣೋ," ಎಂದಳು ಆಂಟಿ. "ಬಲಗಡೆ ತಾನೇ ಕತ್ತರಿಸ್ಕೊಳ್ತಿದಾನೆ. ತನ್ನ ತಲೆ ತಾನು ಕತ್ತರಿಸ್ಕೊಳ್ಳೋಕೆ ಲೈಸೆನ್ಸ್ ಬೇಡ, ನಾನೇ ಕಾನೂನು ನೋಡಿ ಹೇಳ್ದೆ. ಇನ್ನರ್ಧ ಗಂಟೆ ಆಗುತ್ತಂತೆ."

ಹ್ರಾಂಟ್ ಕಾಲಿಗೆ ಕಾಲು ಹೆಣೆದು ನಿಂತ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ದಾಳಿಂಬೆ ಗಿಡ ದಾಟಿ ಅತ್ತೆಯ ದನಿ ಕೇಳಿಸಿತು:

"ಅಳಿಯಂದ್ರೇ, ನಾಲ್ಕು ಗಂಟೆ ಕಾರು ಎಲ್ಲೂ ನಿಲ್ಸದೆ ಬಂದಿದೀನಿ. ಮಾತೆಲ್ಲ ಆಮೇಲೆ. ಮೊದ್ಲು ಬಚ್ಚಲು ತೋರ್ಸಿ!"