ಮೂರು ಕೊಲ್ಲದ ಧೂಮಕೇತು

ಬಾಯಿ ಮುಚ್ಚಿಕೊಂಡಿದ್ದರೆ ನಿಂಗಯ್ಯನ ಆ ಭಾನುವಾರ ಸುಖವಾಗಿಯೇ ಕಳೆಯುತ್ತಿತ್ತು. ಆದರೆ ಒಂದು ವಾರದ ಮೋಡ ಸರಿದು ಧೂಮಕೇತು ಕಂಡ ಮನುಷ್ಯನ ಬಾಯಿ ಸುಮ್ಮನಿರುವುದಾದರೂ ಹೇಗೆ?

ವಯನಾಡಿನ ಕೇಣಿಚಿರದ ಕೂಡುರಸ್ತೆಯಲ್ಲಿ ಕರಿಮೆಣಸಿನ ವ್ಯಾಪಾರ ಮಾಡುವ ನಿಂಗಯ್ಯನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ. ಬೆಳಗಿನ ಜಾವ ಎದ್ದು ಅಂಗಳದಲ್ಲಿ ದುರ್ಬೀನು ಹಿಡಿದು ನಿಲ್ಲುವುದು. ಈ ಸಲ ಎಂಕೆ ಎಂಬ ಧೂಮಕೇತುವಿನ ಬೆನ್ನು ಹತ್ತಿದ್ದ. ಮೂರು ಚಿಲ್ಲರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತಿ ಬರುವ ಗಿರಾಕಿ ಅದು. ಕಂಡ ದಿನವೆಲ್ಲ ನಕ್ಷತ್ರಪಟದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಹಿಂದಿನ ಚುಕ್ಕೆಯಿಂದ ಎಷ್ಟು ಸರಿಯಿತೆಂದು ಅಳೆಯುತ್ತಿದ್ದ. ಅಂದು ಪೂರ್ವದಲ್ಲಿ ಹಂಜಿಯ ಚೂರಿನಂತೆ ಅದು ಕಂಡಾಗ ಆರನೆಯ ಚುಕ್ಕೆ ಇಟ್ಟ.

“ಇಟ್ಟದ್ದಾಯ್ತಲ್ಲ, ಇನ್ನು ಆ ಪಟ ಸುತ್ತಿ ಅಟ್ಟಕ್ಕೆ ಹಾಕಿ,” ಎಂದಳು ಹೆಂಡತಿ ಕಾರ್ತ್ಯಾಯನಿ. “ಹನ್ನೊಂದಕ್ಕೆ ಪಯ್ಯಂಪಳ್ಳಿಯವರು ಸೀತನ್ನ ನೋಡೋಕೆ ಬರ್ತಾರೆ. ಧೂಮಕೇತು ಅಂದ್ರೆ ಅಪಶಕುನ ಅಂತ ಬಂದ ಜೀಪಲ್ಲೇ ವಾಪಸ್ ಹೋಗ್ತಾರೆ. ಈಗಾಗಲೇ ಎರಡು ಸಂಬಂಧ ತಪ್ಪಿದೆ.”

ಮಗಳೆಂದರೆ ನಿಂಗಯ್ಯನಿಗೆ ಜೀವ. ತುಟಿ ಬಿಚ್ಚುವುದಿಲ್ಲ ಎಂದು ಆಣೆಯಿಟ್ಟು, ಬರುವವರಿಗೆ ಬಾಳೆಹಣ್ಣಿನ ಬಜ್ಜಿ ಪಳಂಪೊರಿ ಹೇಳಿಬರಲು ದಿವಾಕರನ್‌ನ ಚಹಾದಂಗಡಿಗೆ ಹೋದ.

“ನಿಂಗಯ್ಯೇಟ್ಟಾ, ಮುಖ ಅರಳಿದೆಯಲ್ಲ. ಎಂತಾ ವಿಶೇಷಂ?” ಎಂದ ದಿವಾಕರನ್.

ಆಣೆ ಅಲ್ಲಿಗೇ ಮರೆತುಹೋಯಿತು. “ವಾಲ್ ನಕ್ಷತ್ರ ಬಂತು ದಿವಾಕರಾ. ಮೂನ್ನು ಕೊಲ್ಲಂ,” ಎಂದುಬಿಟ್ಟ.

ಮಲಯಾಳದಲ್ಲಿ ವಾಲ್ ನಕ್ಷತ್ರ ಅಂದರೆ ಧೂಮಕೇತು, ಕೊಲ್ಲಂ ಅಂದರೆ ವರ್ಷ. ಧೂಮಕೇತು ಮೂರು ವರ್ಷಕ್ಕೊಮ್ಮೆ ಬರುತ್ತದೆ ಎಂಬುದು ನಿಂಗಯ್ಯನ ಮಾತಿನ ಅರ್ಥ. ಆದರೆ ಅದೇ ಮಲಯಾಳದಲ್ಲಿ ಕೊಲ್ಲುಂ ಅಂದರೆ ಕೊಲ್ಲುತ್ತದೆ. ಬಾಗಿಲಲ್ಲಿ ಹಾಲಿನ ಪಾತ್ರೆ ಇಳಿಸುತ್ತಿದ್ದ ನಾರಾಯಣಿಯ ಕಿವಿಗೆ ಬಿದ್ದದ್ದು ಇದು.

ನಾರಾಯಣಿ ಹಾಲು ಕೊಡುವುದು ಹದಿನೇಳು ಮನೆಗೆ. ಎಂಟು ಗಂಟೆಯ ಹೊತ್ತಿಗೆ, ವಾಲ್ ನಕ್ಷತ್ರ ಮೂರು ಜನರನ್ನು ಕೊಲ್ಲುತ್ತದಂತೆ, ನಿಂಗಯ್ಯ ದುರ್ಬೀನಿನಲ್ಲಿ ಕಂಡನಂತೆ ಎಂದು ಊರೆಲ್ಲ ಗುಲ್ಲಾಯಿತು. ವಯನಾಡು ಜಿಲ್ಲೆಯಾಗಿ ಇನ್ನೂ ಒಂಬತ್ತು ದಿನ, ಅಷ್ಟರಲ್ಲೇ ಕಣ್ಣು ಬಿತ್ತು ಎಂದು ಕೆಲವರು ನಿಟ್ಟುಸಿರು ಬಿಟ್ಟರು.

ಮೊದಲು ಬಂದವನು ಪಕ್ಕದ ಮನೆಯ ಮುದುಕ ಕುಟ್ಟನ್. ಗೂರಲಿನ ರೋಗಿ. “ನಿಂಗಯ್ಯಾ, ಮುಚ್ಚುಮರೆ ಬೇಡ. ಆ ಮೂರರಲ್ಲಿ ನಾನಿದ್ದೀನಾ?”

“ಅಯ್ಯೋ ಕುಟ್ಟೇಟ್ಟಾ, ಅದು ಕೊಲ್ಲೋದಲ್ಲ, ಕೊಲ್ಲ. ಮೂರು ವರ್ಷ, ಅಷ್ಟೇ.”

ಕುಟ್ಟನ್ ಗೋಡೆ ಹಿಡಿದುಕೊಂಡ. “ಅಷ್ಟೇನಾ? ನಂಗಿರೋದು ಬರೀ ಮೂರು ವರ್ಷನಾ?”

ಹಾಗೆಂದವನೇ ಜಗಲಿಯ ಮೇಲೆ ಮಲಗಿಬಿಟ್ಟ. ಅವನನ್ನು ಕರೆದೊಯ್ಯಲು ಬಂದ ಸೊಸೆಯಂದಿರು ಅವನ ಮಾತು ಕೇಳಿ ಅಳತೊಡಗಿದರು. ಅಳು ಕೇಳಿ ಊರವರು ಬಂದರು, ಬಂದವರು ತಮ್ಮ ತಮ್ಮ ಆಯಸ್ಸು ವಿಚಾರಿಸಿದರು. ನಿಂಗಯ್ಯ ಒಬ್ಬೊಬ್ಬರ ಕೈ ಹಿಡಿದು, ಈಗ ಹೋಗಿ, ಮಧ್ಯಾಹ್ನ ಬನ್ನಿ ಎಂದು ಗೋಗರೆದ. ಯಾರೂ ಕದಲಲಿಲ್ಲ. ಒಳಗೆ ಕಾರ್ತ್ಯಾಯನಿ ಪಾತ್ರೆ ಕುಕ್ಕುವ ಸದ್ದು ಹೆಚ್ಚುತ್ತಲೇ ಇತ್ತು. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು.

ಅಷ್ಟರಲ್ಲಿ ಜೀಪು ಬಂದು ನಿಂತಿತು.

ಗಂಡಿನ ತಂದೆ ದೇವಯ್ಯ ಇಳಿದು ಅಂಗಳ ನೋಡಿದ. ಅಳುವ ಹೆಂಗಸರು, ಕೈಕಟ್ಟಿ ನಿಂತ ಗಂಡಸರು, ಜಗಲಿಯಲ್ಲಿ ಅಂಗಾತ ಮಲಗಿದ ಮುದುಕ. ಚಪ್ಪಲಿ ಕಳಚಿ, ಹೆಗಲ ವಲ್ಲಿ ಕೈಗೆ ತೆಗೆದುಕೊಂಡು ನಿಂಗಯ್ಯನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಯಾವಾಗ ಹೋದ್ರು?”

“ಇನ್ನೂ ಹೋಗಿಲ್ಲ,” ಎಂದ ಮಲಗಿದ ಮುದುಕ. “ಮೂರು ಜನ ಹೋಗೋಕಿದೆ. ಧೂಮಕೇತು ಬಂದಿದೆ. ನಿಂಗಯ್ಯನೇ ನೋಡಿದ್ದು.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಿಂಗಯ್ಯ ಅತಿಥಿಗಳನ್ನು ಒಳಗೆ ಕೂರಿಸಿ, ಅಟ್ಟದಿಂದ ಪಟ ತಂದು ಮೇಜಿನ ಮೇಲೆ ಹರಡಿ ಎಲ್ಲ ಒಪ್ಪಿಕೊಂಡ. “ತಪ್ಪು ನನ್ನದು. ಹುಡುಗಿಗೆ ಇದರ ಗಂಧಗಾಳಿಯೂ ಇಲ್ಲ,” ಎಂದ.

ದೇವಯ್ಯ ಮಗ ರಾಜನ್‌ನ ಮುಖ ನೋಡಿದ. ರಾಜನ್ ಎದ್ದುಬಂದು ಪಟದ ಮೇಲೆ ಬಗ್ಗಿ, ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಪಕ್ಕದಲ್ಲಿಟ್ಟ. ಅದರಲ್ಲೂ ಸಾಲಾಗಿ ಚುಕ್ಕೆಗಳು.

“ಇವತ್ತಿಂದು ನಂಗೂ ಇಲ್ಲೇ ಬಿತ್ತು, ಮಾವ,” ಎಂದ.

ದೇವಯ್ಯನ ಎದೆಯಿಂದ ಬಂಡೆ ಇಳಿದಂತಾಯಿತು. “ಇವನ ಈ ಹುಚ್ಚು ಕೇಳಿ ನಾಲ್ಕು ಮನೆಯವರು ಹೆಣ್ಣು ಕೊಡಲ್ಲ ಅಂದಿದ್ರು. ನಿಮ್ಮಿಂದ ಹೇಗೆ ಮುಚ್ಚಿಡೋದು ಅಂತ ದಾರಿಯುದ್ದಕ್ಕೂ ಇವನಿಗೆ ಹೇಳಿಕೊಡ್ತಾ ಬಂದೆ. ನಮಗೆ ಸಂಬಂಧ ಒಪ್ಪಿಗೆ.”

ನಿಂಗಯ್ಯನ ಕಣ್ಣು ತುಂಬಿಬಂತು. ಇಂಥ ಅಳಿಯ ಹಣತೆ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ.

ಪಳಂಪೊರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೀತ ಬಾಯಿ ತೆರೆದಳು. “ನಂಗೆ ಒಪ್ಪಿಗೆ ಇಲ್ಲ, ಅಪ್ಪ.”

ನಿಂಗಯ್ಯ ಅವಳತ್ತ ತಿರುಗಿದ.

“ನಿನ್ನ ಮೇಲೆ ಸಿಟ್ಟಲ್ಲ. ಇಷ್ಟು ವರ್ಷ ಬೆಳಗಿನ ಜಾವ ಅಮ್ಮ ಒಬ್ಳೇ ಕಾಫಿ ಕುಡೀತಾ, ಅಂಗಳದಲ್ಲಿ ನಿಂತ ನಿನ್ನ ಬೆನ್ನು ನೋಡ್ತಾ ಕೂತದ್ದು ನೋಡಿ ಬೆಳೆದೋಳು ನಾನು. ನಂಗೆ ಮುಖ ತೋರಿಸೋ ಗಂಡ ಬೇಕು.”

ಕಾರ್ತ್ಯಾಯನಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಪಕ್ಕಕ್ಕೆ ಹೋಗಿ ನಿಂತಳು. ದೇವಯ್ಯ ತಲೆ ತಗ್ಗಿಸಿದ. ಪಟದ ಮೇಲೆ ಬಗ್ಗಿದ್ದ ರಾಜನ್‌ಗೆ ಮಾತ್ರ ಇದಾವುದೂ ಕೇಳಿಸಿರಲಿಲ್ಲ.

“ಮಾವ, ನಾಳೆ ಬೆಳಿಗ್ಗೆ ಇದು ಎಲ್ಲಿಗೆ ಸರಿದಿರುತ್ತೆ?” ಎಂದ.

ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಿಂಗಯ್ಯ ಹೆಂಡತಿ ಮಗಳಿಗೆ ಬೆನ್ನು ಹಾಕಿ, ಪಟದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.