ಬೀಗರ ಮನೆಯ ಮೀನು ಊಟ ಬಿಟ್ಟದ್ದು

ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡು, ಎಳೆ ಮುಟ್ಟಿದ ಕೂಡಲೇ ಅದರ ಜಾತಕ ಹೇಳಬಲ್ಲ ನನಗೆ ನಾಲ್ಕು ಮೀನುಗಳನ್ನು ಕೆಲವು ದಿನ ನೋಡಿಕೊಳ್ಳುವುದು ಒಂದು ಕೆಲಸವೇ? ಹೀಗಂತ ನಾನೇ ಜಮಖಂಡಿಯ ಬೀಗರ ಮನೆಯ ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಹೇಳಿದೆ. ಆ ಮಾತು ಆಡುವಾಗ ನನ್ನ ಬಾಯಲ್ಲಿ ಶೇಂಗಾ ಹೋಳಿಗೆ ಇತ್ತು. ಹೋಳಿಗೆ ಬಾಯಲ್ಲಿದ್ದಾಗ ನನಗೆ ಜಗತ್ತಿನ ಯಾವ ಕೆಲಸವೂ ಕಷ್ಟ ಅನ್ನಿಸುವುದಿಲ್ಲ.

ಬೀಗರಾದ ಶಿವರುದ್ರಪ್ಪನವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಒಂದು ದೊಡ್ಡ ಗಾಜಿನ ತೊಟ್ಟಿ ತಂದು ಮೀನು ಸಾಕಿದ್ದರು. ಮೀನುಗಳಿಗೆ ಪಾಠ ಮಾಡಲು ಬರುವುದಿಲ್ಲವಾದ್ದರಿಂದ, ಮೀನುಗಳ ಬಗ್ಗೆ ಮನೆಗೆ ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು. ಈಗ ಅವರ ಮನೆಮಂದಿಯೆಲ್ಲ ಪುಣೆಯಲ್ಲಿರುವ ಹಿರಿಯ ಮಗಳ ಮನೆಗೆ ಹೊರಟಿದ್ದರು. ಅವರ ಸೊಸೆ, ಅಂದರೆ ನನ್ನ ಮಗಳು ಸವಿತಾ ಕೂಡ. ಮೀನುಗಳನ್ನು ಯಾರಿಗೆ ಒಪ್ಪಿಸುವುದು ಎಂಬ ಪ್ರಶ್ನೆ ಬಂದಾಗ ಸವಿತಾ, "ನಮ್ಮಪ್ಪ ಛಲೋ ನೋಡ್ಕೋತಾರ್ರಿ" ಅಂದುಬಿಟ್ಟಳು. ಅವಳ ಅತ್ತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆ ನೋಟ ನನಗೆ ಚುಚ್ಚಿತು. ಮಗಳು ಗಂಡನ ಮನೆಯಲ್ಲಿ ತವರಿನ ಪರವಾಗಿ ಆಡಿದ ಮಾತು ಅದು. ಅದು ಸುಳ್ಳಾಗಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಬೀಗರು ತೊಟ್ಟಿಯ ಪಕ್ಕದಲ್ಲಿ ನಿಂತು ಪಾಠ ಶುರು ಮಾಡಿದರು. "ನೋಡ್ರಿ ಬೀಗರ, ಇವೆಲ್ಲಾ ಎಲುಬಿನ ಮೀನು. ಕುಲ ಒಂದ, ಬಾಳುವಿ ಬ್ಯಾರೆ ಬ್ಯಾರೆ. ಹೊಳಿಯಾಗಿರಲಿ, ಕೆಸರಿನಾಗಿರಲಿ, ಸಮುದ್ರದಾಗಿರಲಿ, ಇದ್ದ ಜಾಗಾಕ್ಕ ತಕ್ಕಂಗ ಬಾಯಿ, ರೆಕ್ಕಿ, ಉಸರು ಎಲ್ಲಾ ಹೊಂದಿಸ್ಕೊಂಡಾವ. ಈಗ ಇದು ಮ್ಯಾಲ ಬಂದು ಗಾಳಿ ಕುಡೀತೈತಿ. ಇದು ಬಾಯಿಲೆ ಗಾಜಿಗೆ ಅಂಟ್ಕೊಂಡು ಪಾಚಿ ತಿಂತೈತಿ. ಇನ್ನ ಈ ಎರಡು..." ಅಷ್ಟರಲ್ಲಿ ನನ್ನ ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬಿತ್ತು. ನಾನು ಹೂಂ ಹೂಂ ಅನ್ನುತ್ತ ತುಪ್ಪದ ಕಡೆಗೆ ಲಕ್ಷ್ಯ ಕೊಟ್ಟೆ. ಉಳಿದ ಎರಡು ಮೀನುಗಳ ಚರಿತ್ರೆ ನನ್ನ ಕಿವಿಗೆ ಬೀಳಲೇ ಇಲ್ಲ!

ತೊಟ್ಟಿಯನ್ನು ಟೆಂಪೋದಲ್ಲಿ ಹೇರಿ, ಮೀನುಗಳಿದ್ದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬನಹಟ್ಟಿಗೆ ಹೊರಟೆ. ಕಬ್ಬಿನ ಟ್ರ್ಯಾಕ್ಟರಿಗೆ ಸೈಡು ಕೊಡುವಾಗಲೆಲ್ಲ ಒಂದೊಂದು ಬೊಗಸೆ ನೀರು ನನ್ನ ಪ್ಯಾಂಟಿನ ಮೇಲೆ. ಮನೆಯ ಮುಂದೆ ಇಳಿದಾಗ ಪಕ್ಕದ ಮನೆಯ ಚನ್ನಪ್ಪಣ್ಣ ನನ್ನ ಪ್ಯಾಂಟನ್ನು ಸಾವಕಾಶವಾಗಿ ನೋಡಿ, "ಯಾಕ್ರೀ, ದಾರ್ಯಾಗ ಎಲ್ಲೂ ಗಾಡಿ ನಿಲ್ಲಸಲಿಲ್ಲೇನು?" ಅಂದ.

ನನ್ನ ಹೆಂಡತಿ ಶಾಂತವ್ವನಿಗೆ ಅವು ಮೀನುಗಳಾಗಿ ಕಾಣಲೇ ಇಲ್ಲ. "ಬೀಗರ ಮನಿಯಿಂದ ಬಂದಾವ ಅಂದಮ್ಯಾಲ ಇವೂ ಬೀಗರ" ಅಂದಳು. ನಮ್ಮ ಕಡೆ ಬೀಗರು ಊಟಕ್ಕೆ ಕೂತರೆ, ಅವರು ಸಾಕು ಅಂದ ಮೇಲೆಯೇ ನಿಜವಾದ ಬಡಿಸಾಟ ಆರಂಭವಾಗುವುದು. ಮೀನುಗಳಂತೂ ಸಾಕು ಅನ್ನಲೇ ಇಲ್ಲ. ಬೀಗರು ಕೊಟ್ಟ ಆಹಾರದ ಡಬ್ಬಿಯನ್ನು ಅವಳು ಮೂಸಿ, "ಇದೇನ್ರಿ, ದನದ ಹಿಂಡಿ ಇದ್ದಂಗೈತಿ!" ಎಂದು ಕಪಾಟಿನಲ್ಲಿ ಇಟ್ಟಳು. ತೊಟ್ಟಿಗೆ ರೊಟ್ಟಿಯ ಪುಡಿ ಬಿತ್ತು. ಗೋದಿ ಹುಗ್ಗಿ ಬಿತ್ತು. ಮರುದಿನ ನೀರು ನೂಲಿಗೆ ಹಾಕುವ ಗಂಜಿಯ ಹಾಗೆ ಬೆಳ್ಳಗಾಯಿತು!

ಗಡಿಬಿಡಿಯಲ್ಲಿ ನೀರು ಬದಲಿಸಿದೆ. ನೀರು ತಿಳಿಯಾದಾಗ ತೊಟ್ಟಿಯೊಳಗೆ ಬಗ್ಗಿ ನೋಡಿದೆ. ಒಂದು ಮೀನು ಹೊಟ್ಟೆ ಮೇಲೆ ಮಾಡಿ ಅಂಗಾತ ತೇಲುತ್ತಿತ್ತು. ಸತ್ತೇಹೋಗಿದೆ! ಸುದ್ದಿ ತಿಳಿದು ಚನ್ನಪ್ಪಣ್ಣ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು, ದನಿ ತಗ್ಗಿಸಿ, "ಯಾವಾಗ ಆತ್ರಿ?" ಎಂದು ಕೇಳಿದ. ನಾನು ಭಾರವಾದ ಮನಸ್ಸಿನಿಂದ ಅದನ್ನು ಎತ್ತಲು ಸೌಟು ಇಳಿಸಿದೆ. ಮೃತರು ಸರ್ರನೆ ಪಕ್ಕಕ್ಕೆ ಸರಿದು, ಅಂಗಾತವಾಗಿಯೇ ಈಜುತ್ತ ಹೋಗಿ, ತೇಲುತ್ತಿದ್ದ ಒಂದು ರೊಟ್ಟಿ ಚೂರು ತಿಂದರು!

ಹಾಗಾದರೆ ಸತ್ತಿಲ್ಲ, ತಲೆ ತಿರುಗಿದೆ ಎಂದು ತೀರ್ಮಾನಿಸಿದೆ. ಅವತ್ತು ಮಧ್ಯಾಹ್ನವಿಡೀ ಅಂಗಡಿಗೆ ಹೋಗದೆ ಚಮಚದ ಹಿಡಿಕೆಯಿಂದ ಅದನ್ನು ನೆಟ್ಟಗೆ ಮಾಡುತ್ತ ಕೂತೆ. ನಾನು ಮಗುಚುವುದು, ಅದು ಮತ್ತೆ ಅಂಗಾತವಾಗುವುದು. ಸಂಜೆಯ ಹೊತ್ತಿಗೆ ನಮ್ಮಿಬ್ಬರಿಗೂ ಪರಸ್ಪರ ಮುಖ ನೋಡುವುದು ಬೇಡವಾಗಿತ್ತು. ಅಷ್ಟರಲ್ಲಿ ಸವಿತಾಳ ಫೋನು.

"ಅಪ್ಪಾ, ಮೀನು ಅರಾಮ ಅದಾವಲ್ಲ?"

"ಎಲ್ಲಾ ಅರಾಮವ್ವ. ಒಂದು ಮಾತ್ರ ಸ್ವಲ್ಪ ಅಂಗಾತ ಮಲಗೈತಿ."

"ಅದರ ಜಾತಿನ ಅಂಗಾತ ಈಸೂದಪ್ಪಾ! ತೇಲೋ ಎಲಿ ಬುಡಕಿನ ಹುಳ ತಿನ್ನಾಕ ಹಂಗ ರೂಢಿ ಮಾಡ್ಕೊಂಡೈತಿ. ಮಾವ ಹೇಳಿದ್ರಲ್ಲ?"

"ಹೇಳಿದ್ರು, ಹೇಳಿದ್ರು! ನಿನಗ ಗೊತ್ತೈತೋ ಇಲ್ಲೋ ಅಂತ ಕೇಳಿದೆ."

ಆಗಲೇ ನಾಲ್ಕನೆಯ ಮೀನಿನ ವಿಷಯವನ್ನೂ ಕೇಳಿಬಿಡಬೇಕಿತ್ತು. ಕೇಳಿದರೆ ಹೋಳಿಗೆಯ ವಿಷಯ ಹೊರಬೀಳುತ್ತಿತ್ತು. ನನ್ನ ಮರ್ಯಾದೆ ಅಡ್ಡ ಬಂತು.

ನಾಲ್ಕನೆಯದು ಹಳದಿ ಮೀನು. ಅದರ ರೋಗ ಬೇರೆ. ಅದು ಊಟವನ್ನೇ ಬಿಟ್ಟಿತ್ತು! ಏನು ಹಾಕಿದರೂ ಮೂಸುತ್ತಿರಲಿಲ್ಲ, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿರುತ್ತಿತ್ತು. ಶಾಂತವ್ವನಿಗೆ ಇದು ಸಹಿಸಲಾರದ ಅವಮಾನ. "ಉಳಿದವ್ರೆಲ್ಲಾ ಉಣ್ಣಾಕತ್ತಾರ, ಈಕಿ ಒಬ್ಬಾಕಿ ಒಲ್ಲೆ ಅಂತಾಳ. ನಮ್ಮ ಮನ್ಯಾಗ ಏನ ಕಡಿಮಿ ಆಗೈತಂತ?" ಎಂದು ಕಣ್ಣಿಗೆ ಸೆರಗು ಹಚ್ಚಿದಳು. ನನಗೂ ದಿಗಿಲಾಯಿತು. ಬೀಗರ ಕಡೆಯವರು ನಮ್ಮ ಮನೆಯಲ್ಲಿ ಉಪವಾಸ ಬಿದ್ದರೆಂಬ ಸುದ್ದಿ ಜಮಖಂಡಿ ಮುಟ್ಟಿದರೆ ಸವಿತಾ ಅತ್ತೆಯ ಮುಂದೆ ತಲೆ ಎತ್ತುವುದು ಹೇಗೆ? ಉಣ್ಣುವ ರೀತಿ ತೋರಿಸಿಕೊಟ್ಟರೆ ಆಸೆಯಾದೀತೆಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ರೊಟ್ಟಿ ಮತ್ತು ಎಣ್ಣೆಗಾಯಿಯನ್ನು ಚಪ್ಪರಿಸಿಕೊಂಡು ತಿಂದೆ. ಮೀನು ನನ್ನನ್ನು ನೋಡಿತು. ಬಾಯಿ ಬಿಡಲಿಲ್ಲ!

ಮತ್ತೆ ಚನ್ನಪ್ಪಣ್ಣ ಬಂದ. ಈ ಮನುಷ್ಯ ಮುಧೋಳ ನಾಯಿಯೊಂದನ್ನು ಸಾಕಿದ್ದರಿಂದ ಸಕಲ ಪ್ರಾಣಿಗಳ ವೈದ್ಯ ತಾನೇ ಎಂದು ತಿಳಿದವ. ಗಾಜಿಗೆ ಮೂಗು ಹಚ್ಚಿ ನೋಡಿ, "ಗದ್ದ ಬಾತೈತ್ರಿ. ಗಂಟಲಾಗ ಏನೋ ಸಿಕ್ಕೈತಿ. ತಲಿ ಕೆಳಗ ಮಾಡಿ ಅಲಗಾಡಸ್ರಿ, ಬೀಳತೈತಿ" ಅಂದ. ಹುಗ್ಗಿಯ ಗೋದಿಯೇ ಸಿಕ್ಕಿರಬೇಕು ಎಂದು ಶಾಂತವ್ವ ಗಲ್ಲ ಗಲ್ಲ ಬಡಿದುಕೊಂಡಳು.

ಚಹಾ ಸೋಸುವ ಜಾಳಿಗೆಯಿಂದ ಮೀನನ್ನು ಹಿಡಿದು, ನೀರು ತುಂಬಿದ ಅಗಲ ತಟ್ಟೆಯಂಥ ಪರಾತದಲ್ಲಿ ಅದರ ತಲೆ ಮುಳುಗಿಸಿ ಮೆಲ್ಲಗೆ ಅಲಗಾಡಿಸಿದೆ. ಗೋದಿ ಬೀಳಲಿಲ್ಲ. ಬಡೇಸೋಪಿನ ಕಾಳಿನಷ್ಟು ಸಣ್ಣ ಮೀನು ಮರಿಗಳು ಬಿದ್ದವು. ಒಂದಲ್ಲ, ಎರಡಲ್ಲ, ಬೀಳುತ್ತಲೇ ಇದ್ದವು! ಬಿದ್ದವೆಲ್ಲ ಪರಾತದ ತುಂಬ ಓಡಾಡತೊಡಗಿದವು.

"ಅಯ್ಯ ಶಿವನ!" ಎಂದು ಶಾಂತವ್ವ ಚೀರಿದಳು. "ಕೂಸುಗೋಳ್ನ ನುಂಗ್ಯಾಳ್ರಿ ಈಕಿ! ಅದಕ್ಕ ನನ್ನ ಹುಗ್ಗಿ ಒಲ್ಲೆ ಅಂದ್ಳು!"

"ಸಿಕ್ಕಳಲ್ಲ ಕಳ್ಳಿ!" ಅಂದ ಚನ್ನಪ್ಪಣ್ಣ.

ನಾನು ನ್ಯಾಯಾಧೀಶನಾದೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ಹಾಡುಹಗಲೇ ಶಿಶುಭಕ್ಷಣ! ಅನಾಥ ಮರಿಗಳಿಗೆ ಪರಾತದಲ್ಲಿ ಆಶ್ರಯ ನೀಡಿ, ಅಪರಾಧಿಯನ್ನು ಬಕೆಟ್ಟಿನಲ್ಲಿ ಹಾಕಿ, ಮೇಲೆ ಮೊರ ಮುಚ್ಚಿ ಬಂಧನದಲ್ಲಿರಿಸಲಾಯಿತು. ಬೀಗರು ಅವತ್ತು ಬೆಳಿಗ್ಗೆಯಷ್ಟೇ ಜಮಖಂಡಿಗೆ ಮರಳಿದ್ದರು. ಹೆಮ್ಮೆಯಿಂದ ಸವಿತಾಳಿಗೆ ಫೋನು ಹಚ್ಚಿದೆ. "ನಿಮ್ಮ ಮಾವಗ ಹೇಳವ್ವ, ಒಂದು ಕೊಲಿ ಕೇಸು ಹಿಡದೇನಿ!" ಎಂದು ಎಲ್ಲವನ್ನೂ ವಿವರವಾಗಿ ಹೇಳಿದೆ.

"ಅಪ್ಪಾ," ಅಂದಳು ಸವಿತಾ. "ಅದು ತಾಯಿ. ಆ ಮರಿ ಅದರವ. ತತ್ತಿ ಇದ್ದಾಗಿಂದ ಬಾಯಾಗ ಇಟ್ಕೊಂಡು ಕಾಯತೈತಿ. ಉಂಡ್ರ ಎಲ್ಲಿ ಮಕ್ಕಳು ಹೊಟ್ಟ್ಯಾಗ ಹೋಗ್ತಾವೋ ಅಂತ ಉಪಾಸ ಇರತೈತಿ. ಈಗ ಅತ್ತಿ ಮುಂದ ನಾ ಏನಂತ ಹೇಳ್ಲಿ?"

ಫೋನು ಇಟ್ಟು ಶಾಂತವ್ವನಿಗೆ ವಿಷಯ ಹೇಳಿದೆ. ಶಾಂತವ್ವ ಬಕೆಟ್ಟಿನ ಮೊರ ತೆಗೆದು, "ಬಾಣಂತಿನ್ನ ಬಕೀಟನ್ಯಾಗ ಹಾಕಿದ್ವೆಲ್ಲಾ ನಮ್ಮವ್ವಾ!" ಎಂದು ಅಳತೊಡಗಿದಳು. ಅಳುತ್ತಲೇ ಬಾಣಂತಿಗೆ ಕೊಡುವ ಅಂಟಿನುಂಡಿಗೆ ಕೊಬ್ಬರಿ ತುರಿಯಲು ಎದ್ದವಳನ್ನು ಹಿಡಿದು ಕೂರಿಸಬೇಕಾಯಿತು.

ಸ್ವಲ್ಪ ಹೊತ್ತಿನಲ್ಲೇ ಬೀಗರು ಸವಿತಾಳನ್ನು ಕರೆದುಕೊಂಡು ಕಾರಿನಲ್ಲಿ ಬಂದಿಳಿದರು. ಕಾರು ಕಂಡದ್ದೇ ಚನ್ನಪ್ಪಣ್ಣ ತನ್ನ ಮನೆ ಸೇರಿಕೊಂಡ. ಬೀಗರು ನೇರವಾಗಿ ಬಕೆಟ್ಟಿನ ಹತ್ತಿರ ಹೋದರು. ತಾಯಿಯನ್ನು ಅಂಗೈಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟು, ಪರಾತದ ಮರಿಗಳನ್ನು ಅದರ ಪಕ್ಕಕ್ಕೆ ಮೆಲ್ಲಗೆ ಸುರಿದರು. ತಾಯಿ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಸವಿತಾ ನನ್ನ ತೋಳು ಹಿಡಿದುಕೊಂಡಿದ್ದಳು. ತಾಯಿ ಬಾಯಿ ತೆರೆಯಿತು. ಮರಿಗಳೆಲ್ಲ ಗುಂಪಾಗಿ ನುಗ್ಗಿ ಒಳಗೆ ಸೇರಿಕೊಂಡವು. ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಹಸಿದು ಮಕ್ಕಳನ್ನು ಕಾದವಳಿಗೆ ನಾನು ಮಾಡಿದ್ದನ್ನು ನೆನೆದು ನಾಚಿಕೆಯೂ ಆಯಿತು.

"ಇನ್ನ ಮರಿ ದೊಡ್ಡವಾಗ್ಯಾವ. ಹೊರಗ ಬಿಟ್ಟಳಂದ್ರ ಈಕಿ ಊಟ ಮಾಡತಾಳ," ಅಂದರು ಬೀಗರು. ಹೇಳಿದಂತೆಯೇ ಒಂದೊಂದಾಗಿ ಮರಿಗಳು ಹೊರಗೆ ಬಂದವು. ನಾನು ಸಂತೋಷ ತಾಳಲಾರದೆ ಬಗ್ಗಿ ಮುಖ ಹತ್ತಿರ ತಂದೆ. ಮರಿಗಳೆಲ್ಲ ಸರ್ರನೆ ತಾಯಿಯ ಬಾಯೊಳಗೆ! ನಾನು ಹಿಂದೆ ಸರಿದೆ, ಹೊರಗೆ ಬಂದವು. ಬಗ್ಗಿದೆ, ಒಳಗೆ ಹೋದವು.

"ಅಪಾಯ ಕಂಡ್ರ ಒಳಗ ಹೋಗ್ತಾವ್ರಿ. ಅದು ಅವುಗಳ ರಕ್ಷಣಾ ವ್ಯವಸ್ಥಾ," ಎಂದರು ಬೀಗರು.

"ಇಲ್ಲೆ ಅಪಾಯ ಎಲ್ಲೈತ್ರಿ?" ಎಂದು ಕೇಳಿದೆ. ಎಲ್ಲರೂ ನನ್ನನ್ನೇ ನೋಡಿದರು.

"ಅಪ್ಪಾ," ಅಂದಳು ಸವಿತಾ, ನಗು ತಡೆದುಕೊಳ್ಳುತ್ತ, "ಆಕಿ ಉಣ್ಣೂತನಕ ನೀ ಸ್ವಲ್ಪ ಹೊರಗ ನಿಂದ್ರ್ತೀಯೇನು?" ಅವಳು ನಕ್ಕಳಲ್ಲ, ಅಷ್ಟೇ ಸಾಕೆಂದು ಹೊರಗೆ ಬಂದು ನಿಂತೆ. ಚನ್ನಪ್ಪಣ್ಣ ಬಾಗಿಲಿನ ಸಂದಿಯಿಂದ ಇಣುಕಿ, "ಹೊರಗ ಹಾಕಿದ್ರೇನ್ರಿ?" ಎಂದು ಕೇಳಿದ.

"ಇಲ್ರಿ. ಒಳಗ ಬಾಣಂತಿ ಐತಿ. ಗಂಡಸರು ಒಳಗ ಇರಬಾರದು," ಅಂದೆ ಗಂಭೀರವಾಗಿ.

"ಬೀಗರು ಒಳಗ ಅದಾರಲ್ಲ?"

ಅಷ್ಟರಲ್ಲಿ ಒಳಗಿನಿಂದ ಶಾಂತವ್ವನ ಸಂಭ್ರಮದ ದನಿ ಕೇಳಿತು. "ಉಣ್ಣಾಕತ್ತಾಳ್ರಿ! ಬೀಗರ ಡಬ್ಬಿ ಊಟಾನ ಉಣ್ಣಾಕತ್ತಾಳ! ನೀವು ಅಲ್ಲೇ ಇರ್ರಿ, ಕೆಮ್ಮಬ್ಯಾಡ್ರಿ!" ಸರಿಯಾಗಿ ಆಗಲೇ ನನಗೆ ಕೆಮ್ಮು ಬಂತು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಸ್ವಂತ ಮನೆಯ ಮುಂದೆ ಬೀದಿಯಲ್ಲಿ ನಿಂತೆ. ಆ ತಾಯಿ ಬಾಯಿ ಮುಚ್ಚಿಕೊಂಡಿದ್ದಾಗ ಅದರೊಳಗೆ ಒಂದು ಸಂಸಾರವೇ ಇತ್ತು. ನನ್ನ ಬಾಯಲ್ಲಿ ಇದ್ದದ್ದು ಒಂದು ಕೆಮ್ಮು!