ಮಾವನ ತಾಮ್ರದ ಬಳೆ, ಅತ್ತೆಯ ಬೆತ್ತದ ಕುರ್ಚಿ

ನನ್ನ ಸೋದರಮಾವ ಜಗತ್ತಿನಲ್ಲಿ ಯಾರ ಮಾತನ್ನಾದರೂ ಕೇಳುತ್ತಾರೆ. ಮಾತಾಡುವವರು ನೂರಾರು ಮೈಲಿ ಆಚೆಗಿರಬೇಕು, ಅಷ್ಟೇ!

ತೀರ್ಥಹಳ್ಳಿಯ ಅವರ ಮನೆಯ ಬಾಲ್ಕನಿಯಲ್ಲಿ ಗಾಡಿಚಕ್ರದಷ್ಟು ದೊಡ್ಡ ತಾಮ್ರದ ಬಳೆಯೊಂದು ನಿಂತಿದೆ. ಫ್ರಿಜ್ ರಿಪೇರಿಯವರ ಹತ್ತಿರದಿಂದ ತಂದ ಕೊಳವೆ ಬಗ್ಗಿಸಿ ಮಾಡಿದ್ದು. ಬಟ್ಟೆ ಒಣಗಿಸುವುದಕ್ಕೆ ಎಂದುಕೊಂಡು ನೆಂಟರು ಟವೆಲ್ ಹರವಲು ಹೋಗಿ ಬೈಸಿಕೊಂಡಿದ್ದಾರೆ. ಅದು ಹವ್ಯಾಸಿಗಳು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಲೂಪ್ ಆಂಟೆನಾ. ರೇಡಿಯೋ ಕಳಿಸಿದ ಶಕ್ತಿಯನ್ನು ಅದು ಒಪ್ಪಿಕೊಳ್ಳಬೇಕು; ಒಪ್ಪದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು ಅಟ್ಟುತ್ತದೆ. ಒಪ್ಪಿಸುವ ಕಸರತ್ತಿಗೆ ಮ್ಯಾಚಿಂಗ್ ಎಂದು ಹೆಸರು. ಮೀಟರಿನ ಮುಳ್ಳು ಕೆಳಗಿಳಿದರೆ ಒಪ್ಪಿಗೆ, ಏರಿದರೆ ಮುನಿಸು. ದೊಡ್ಡ ಬಳೆಯೊಳಗಿನ ಪುಟ್ಟ ಬಳೆಯನ್ನು ಅಮುಕಿ, ಹಿಗ್ಗಿಸಿ, ಮಾವ ಇಡೀ ಬೇಸಿಗೆ ಕಳೆದು ಮುಳ್ಳನ್ನು ಕೆಳಗಿಳಿಸಿದ್ದರು. ಅಷ್ಟು ದಿನವೂ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅತ್ತೆ ಪದಬಂಧ ಬಿಡಿಸುತ್ತಿದ್ದರು.

ಒಂದು ದಿನ ಅತ್ತೆ, "ಹುಂಚಕ್ಕೆ ಅಕ್ಕನ ಮನೆಗೆ ಹೋಗ್ತೀನಿ. ನೀವೇ ಬಂದು ಕರೆದ್ರೆ ಮಾತ್ರ ವಾಪಸ್ ಬರೋದು" ಎಂದರು.

ಹೆಡ್‌ಫೋನ್ ಏರಿಸಿದ್ದ ಮಾವ ಮೈಕಿನಲ್ಲಿ ತಮ್ಮ ಮಾತು ಮುಗಿಸಿ, "ಓವರ್" ಎಂದರು.

ಅತ್ತೆ ಹೊರಟೇಬಿಟ್ಟರು. ಮರುದಿನ ಮುಳ್ಳು ಮೇಲೆ ಹೋಗಿ ಕೂತಿತು.

ರಜೆಗೆಂದು ಅಲ್ಲಿದ್ದ ನಾನು, "ಮೊದಲು ಅತ್ತೆಯನ್ನ ಕರ್ಕೊಂಡ್ ಬನ್ನಿ" ಎಂದೆ.

"ಭಾನುವಾರ ಅಸ್ಸಾಮಿನ ಗೆಳೆಯ ಕರೀತಾನೆ. ಇದು ಸರಿಯಾಗ್ಲಿ, ಆಮೇಲೆ ಹೋದ್ರಾಯ್ತು."

ನಾನು ವಾದ ಹೂಡಿದೆ: ಬಳೆ ಅದೇ, ತಂತಿ ಅದೇ, ರೇಡಿಯೋ ಅದೇ; ಬದಲಾದದ್ದು ಅತ್ತೆಯ ಕುರ್ಚಿ ಖಾಲಿಯಾದದ್ದೊಂದೇ. ವಾದಕ್ಕೆ ಪುರಾವೆ ಬೇಡವೇ? ನಾನೇ ಹೋಗಿ ಕೂತೆ. ಮುಳ್ಳು ಅರ್ಧಕ್ಕೆ ಇಳಿದು ನಿಂತಿತು.

"ನೀ ಸಣಕಲಿ, ಸಾಲ್ದು" ಎಂದರು ಮಾವ.

ಆಂಟೆನಾದ ಪಕ್ಕ ಮನುಷ್ಯರಿದ್ದರೆ ಅದರ ಲೆಕ್ಕ ಬದಲಾಗುತ್ತದೆ, ನಮ್ಮ ಮೈಯೆಲ್ಲ ಉಪ್ಪುನೀರೇ ತಾನೆ, ಒಪ್ಪಿದೆ. ಆದರೆ ಯಾವ ಗಂಡ ತನ್ನ ಹೆಂಡತಿಯನ್ನು ಕಂಪ್ಯೂಟರಿನ ಆಂಟೆನಾ ಲೆಕ್ಕದಲ್ಲಿ 'ಉಪ್ಪುನೀರು ತುಂಬಿದ ಸಿಲಿಂಡರ್' ಎಂದು ನಮೂದಿಸುತ್ತಾನೆ? ಅಳತೆಗಾಗಿ ಹುಂಚಕ್ಕೆ ಫೋನೂ ಹೋಯಿತು.

"ನಿನ್ನ ಎತ್ತರ ಎಷ್ಟೇ?"

"ಈಗ ನೆನಪಾಯ್ತಾ? ಎಂತಕ್ಕೆ?" ಅತ್ತೆಯ ದನಿ ಕೊಂಚ ಮೆತ್ತಗಾಗಿತ್ತು.

"ಆಂಟೆನಾಕ್ಕೆ."

ಫೋನ್ ಕಟ್ ಆಯಿತು.

ಕುರ್ಚಿಯ ಜಾಗದಲ್ಲಿ ಡ್ರಮ್ ಇಡುವ ಸಲಹೆ ನನ್ನದೇ. ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ ಉಪ್ಪು ಸುರಿದೆವು. ಮುಳ್ಳು ತಳ ಸೇರಿತು, ಅತ್ತೆ ಕೂತಾಗ ಇರುತ್ತಿದ್ದಲ್ಲಿಗೇ. ನಾನು ಗೆದ್ದ ಖುಷಿಯಲ್ಲಿ ಚಪ್ಪಾಳೆ ತಟ್ಟಿದೆ. ಮಾವ ತಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಅಸ್ಸಾಮಿನ ದನಿ, ಪಕ್ಕದ ಮನೆಯಿಂದ ಕೂಗಿದಷ್ಟು ಸ್ಪಷ್ಟವಾಗಿ, ಮಾವನನ್ನು ಕರೆಯಿತು. ಮಾವ ಮೈಕ್ ಎತ್ತಿಕೊಂಡು ಡ್ರಮ್ಮಿನ ಕಡೆ ನೋಡಿದರು. ಅಸ್ಸಾಂ ಮತ್ತೆ ಕರೆಯಿತು. ಮೈಕ್ ಕೆಳಗಿಟ್ಟು, ರೇಡಿಯೋ ಆರಿಸಿ, ಅಂಗಿ ತೊಟ್ಟರು.

"ಎಲ್ಲಿಗೆ ಮಾವ?"

"ಹುಂಚಕ್ಕೆ. ಬಸ್ಸಿದೆ."

"ಡ್ರಮ್ ಅತ್ತೆಯಷ್ಟೇ ಚೆನ್ನಾಗಿ ಕೆಲಸ ಮಾಡ್ತಿದೆಯಲ್ಲ?"

ಮಾವ ಚಪ್ಪಲಿ ಮೆಟ್ಟುತ್ತಾ ಹೇಳಿದರು: "ಅದಕ್ಕೇ ಹೆದರಿಕೆ ಆಯ್ತು ಮಾರಾಯ್ತಿ."